ಸಾಲಿನೋವು

ಇದು ನಡೆದದ್ದು, ಒಂದಕ್ಷರ ಸುಳ್ಳಿದ್ದರೂ ನಾಲಿಗೆ ಬಿದ್ದುಹೋಗಲಿ, ಎಂದೇ ಶಿವಪುತ್ರಪ್ಪ ಈ ಸಲದ ತನ್ನ ಆಟ ಶುರು ಮಾಡಬೇಕೆಂದಿದ್ದ. ಆದರೆ ಬೇರೆಯವರ ದನಿ ಮಾಡಿ ತೋರಿಸಿ ನಾಲಿಗೆಯಿಂದಲೇ ಹೆಸರು ಮಾಡಿದವನು ನಾಲಿಗೆಯ ಮೇಲೆ ಆಣೆ ಹಾಕಿದರೆ ನಂಬುವವರು ಯಾರು? ಅಪ್ಪ ತೀರಿಕೊಂಡ ತಂತಿ ಬಂದ ದಿನ ಫೋರ್ಟಿನ ವಿಮಾ ಕಚೇರಿಯಲ್ಲಿ ಹೆಡ್ ಕ್ಲರ್ಕಿನ ಮೇಜಿನ ಮುಂದೆ ನಿಂತು ಬಿಕ್ಕುತ್ತ ರಜೆ ಕೇಳಿದಾಗ, ಆ ಮನುಷ್ಯ ಕನ್ನಡಕ ಹಣೆಗೇರಿಸಿ, "ವಾಹ್! ಯೇ ಕಿಸಕಾ ಆವಾಜ್ ಹೈ?" ಎಂದು ಸುತ್ತಲಿನವರನ್ನು ಕರೆದಿದ್ದ. ನಾಲ್ಕು ಜನ ಸೇರಿ ನಕ್ಕ ಮೇಲೆಯೇ ಶಿವಪುತ್ರಪ್ಪ ಜೇಬಿನಿಂದ ತಂತಿ ತೆಗೆದು ತೋರಿಸಬೇಕಾಯಿತು. ಅಂದಿನಿಂದ ಅವನಿಗೆ ಗೊತ್ತು: ತನ್ನ ಗಂಟಲಿನಿಂದ ಹೊರಟದ್ದು ಯಾರದೋ ದನಿ ಎಂದು ಜನ ತಿಳಿಯುತ್ತಾರೆ, ಅವನದೆಂದು ಯಾರೂ ತಿಳಿಯುವುದಿಲ್ಲ. ಇಷ್ಟು ವರ್ಷ ಅದು ಅವನಿಗೆ ದುಃಖದ ಮಾತಾಗಿರಲಿಲ್ಲ. ಈಗ, ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ನವೆಂಬರಿನ ಮೊದಲ ಭಾನುವಾರದ ಮಧ್ಯಾಹ್ನ, ಗೋರೆಗಾಂವಿನ ಚಾಳಿನ ಗ್ಯಾಲರಿಯಲ್ಲಿ ಮೊಳೆಗೆ ನೇತುಹಾಕಿದ ಕೈಗನ್ನಡಿಯೆದುರು ಗಲ್ಲಕ್ಕೆ ಸೋಪು ಹಚ್ಚಿಕೊಳ್ಳುತ್ತ, ಅದೇ ತನ್ನ ಆಯುಧ ಎಂದುಕೊಂಡ. ಬೇರೆಯವನ ದನಿಯಲ್ಲಿ ನಿಜ ಹೇಳುವುದು. ಡಾಕ್ಟರ್ ಮುರಿಗೆಪ್ಪನನ್ನು ಡಾಕ್ಟರ್ ಮುರಿಗೆಪ್ಪನ ಬಾಯಿಂದಲೇ ಸಾಯಿಸುವುದು.

"ಹ್ಞೂಂ. ಹ್ಞೂಂ. ನಥಿಂಗ್," ಎಂದು ಕನ್ನಡಿಗೆ ಹೇಳಿದ. ಸರಿಯಾಗಲಿಲ್ಲ. ಮುರಿಗೆಪ್ಪ ಡಾಕ್ಟರರ ದನಿ ಬಾಯಿಯಿಂದ ಬರುವಂಥದ್ದಲ್ಲ, ಮೂಗಿನ ಕನ್ನಡಕದಿಂದ ಇಳಿದು ಬರುವಂಥದ್ದು. ಮೊದಲು ಪೆನ್ನಿನ ಹಿಂಬದಿಯಿಂದ ಮೇಜನ್ನು ಎರಡು ಸಲ ಕುಟ್ಟಬೇಕು, ರೋಗಿಯ ಮುಖ ಬಿಟ್ಟು ಅವನ ಹಿಂದಿನ ಗೋಡೆ ನೋಡಬೇಕು, ಆಮೇಲೆ ಬಿಜಾಪುರದ ಬಿಸಿಲಲ್ಲಿ ಒಣಗಿದ ಹಪ್ಪಳದಂತೆ ಆ 'ನಥಿಂಗ್' ಮುರಿಯಬೇಕು. ರೇಜರಿನ ಹಿಡಿಯಿಂದ ಕನ್ನಡಿಯ ಚೌಕಟ್ಟನ್ನು ಎರಡು ಸಲ ಕುಟ್ಟಿದ. "ನಥಿಂಗ್, ನಥಿಂಗ್ ಅಟ್ ಆಲ್. ಇದು ಹೊಟ್ಟಿನೋವಲ್ಲರೀ ಶಿವಪುತ್ರಪ್ಪನವರ, ಸಾಲಿನೋವು." ಈಗ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಪಕ್ಕದ ಖೋಲಿಯ ಮುದುಕಿ ಇಣುಕಿ, ಡಾಕ್ಟರು ಬಂದಿದ್ದಾರೇನೋ ಎಂದು ಸೆರಗು ಸರಿಮಾಡಿಕೊಂಡಳು. ಶಿವಪುತ್ರಪ್ಪನ ಹೊಟ್ಟೆಯಲ್ಲಿ ಒಂದು ಸಿಹಿಯಾದ ಬೆಂಕಿ ಎದ್ದು ಎದೆಯವರೆಗೆ ಬಂದು ನಿಂತಿತು. ಆರು ತಿಂಗಳಿಂದ ಅವನು ಊಟ ಮಾಡುತ್ತಿದ್ದದ್ದು ಈ ಬೆಂಕಿಯ ಮೇಲೆಯೇ.

ಗೋರೆಗಾಂವಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿವರ್ಷವೂ ಹಾಡು, ಭಾಷಣ, ಚಿಕ್ಕ ಮಕ್ಕಳ ಕೋಲಾಟ ಮುಗಿದ ಮೇಲೆ ಕೊನೆಯ ಐಟಂ ಶಿವಪುತ್ರಪ್ಪನದು. ಸಂಘದ ಯಾರಾದರೊಬ್ಬ ಗಣ್ಯರ ದನಿ ಮಾಡುತ್ತಾನೆ. ಯಾರ ದನಿ ಎನ್ನುವುದು ಆ ಕ್ಷಣದವರೆಗೂ ಗುಟ್ಟು. ಮೊದಮೊದಲು ಜನ ಹೆದರುತ್ತಿದ್ದರು, ಆಮೇಲೆ ಅದೊಂದು ಮರ್ಯಾದೆಯಾಗಿ ಬೆಳೆಯಿತು. ಶಿವಪುತ್ರಪ್ಪ ಯಾರ ದನಿ ಮಾಡಿದನೋ ಅವರು ಮರುದಿನ ಅವನ ಮನೆಗೆ ಧಾರವಾಡದ ಫೇಡೆ ಕಳಿಸುವ ರೂಢಿ ಬಂತು. ಏಳು ವರ್ಷವಾದರೂ ತಮ್ಮ ದನಿ ಬರಲಿಲ್ಲವಲ್ಲ ಎಂದು ಬಟ್ಟೆ ವ್ಯಾಪಾರಿ ಸಿದ್ದಲಿಂಗಪ್ಪನವರು ಮುನಿಸಿಕೊಂಡು ಸಂಘದ ಮೆಟ್ಟಿಲನ್ನೇ ಹತ್ತಿರಲಿಲ್ಲ. ಹೋದ ವರ್ಷ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಸಂಭ್ರಮದಲ್ಲಿ ಶಿವಪುತ್ರಪ್ಪ ಕಾರ್ಯದರ್ಶಿ ದಾನಪ್ಪನ ದನಿಯನ್ನೇ ಮಾಡಿದ್ದ. ದಾನಪ್ಪ ಫೇಡೆಯ ಡಬ್ಬಿಯ ಜೊತೆ ಪಂಚೆಯನ್ನೂ ತಂದಿದ್ದ. ಅದೇ ದಾನಪ್ಪ ದಸರೆಯ ಮರುವಾರ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕು, "ಶಿವಪುತ್ರಪ್ಪಾ, ಈ ಸಲ ಮುರಿಗೆಪ್ಪ ಡಾಕ್ಟರಿಗೆ ಸನ್ಮಾನ ಇಟಗೊಂಡೀವಿ. ನಿನ್ನ ಮಗಳ ಕೇಸು ಹಿಡದ್ರಲ್ಲ, ಅದಕ್ಕ. ಅಂಥಾ ಗಂಟು ಮಕ್ಕಳ ಕರಳಾಗ ಬರೋದೇ ಅಪರೂಪ ಅಂತ. ನಮ್ಮ ಗೋರೆಗಾಂವದಾಗ ಕೂತು ಬರೀ ಕೈಲೆ ಹಿಡದಾರ ನೋಡು! ನೀನೂ ಅವರದೇ ದನಿ ಮಾಡಿಬಿಡು, ಬರೋಬ್ಬರ್ ಕೂಡತದ" ಎಂದ. ಶಿವಪುತ್ರಪ್ಪ ಒಂದು ಕ್ಷಣ ಸೇತುವೆಯ ಕೆಳಗೆ ಹೋಗುವ ಲೋಕಲ್ ರೈಲನ್ನು ನೋಡಿದ. ಸಾಲಿನೋವು ಎಂದವನಿಗೆ ಶಾಲು. ಒಳಗಿನ ಚೇಷ್ಟೆಗಾರ ಅಂಥ ಹೊತ್ತಿನಲ್ಲೂ ಮಾತಿಗೆ ಮಾತು ಜೋಡಿಸುವುದನ್ನು ಬಿಡಲಿಲ್ಲ. "ಮಾಡೋಣ ಬಿಡ್ರಿ," ಎಂದ. "ಅವರದ ಮಾಡೋಣ."

ಆ ಮಾತು ಹುಟ್ಟಿದ್ದು ಹೋದ ವರ್ಷದ ಮಾರ್ಚಿನಲ್ಲಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆ ಓದುತ್ತಿದ್ದ ನೀಲಾ ಬೆಳಿಗ್ಗೆ ಎದ್ದವಳೇ ಹೊಕ್ಕುಳ ಬಲಕ್ಕೆ ಕೈಯೊತ್ತಿ ಮಡಚಿಕೊಂಡು ಬಿದ್ದಿದ್ದಳು. ದವಾಖಾನೆಗೆ ಕರೆದುಕೊಂಡು ಹೋದಾಗ ರೋಗಿಗಳು ಕೂರುವ ಉದ್ದನೆಯ ಬಾಕಿನ ಮೇಲೆ ಹದಿನೈದು ಜನ. ಪಾಳಿ ಬರುವ ಹೊತ್ತಿಗೆ ನೋವು ನಿಂತು ಹುಡುಗಿ ಕಂಪೌಂಡರನ ತಕ್ಕಡಿಯ ಜೊತೆ ಆಡುತ್ತಿದ್ದಳು. ಡಾಕ್ಟರು ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಪೆನ್ನು ಕುಟ್ಟಿದರು, ಗೋಡೆ ನೋಡಿದರು, ಶಾಲೆ ತಪ್ಪಿಸಲು ಹೂಡಿದ ನೋವೆಂದು ಆ ಮಾತು ಆಡಿದರು. ಬಾಕಿನ ಮೇಲಿದ್ದವರೆಲ್ಲ ನಕ್ಕರು. ಶಿವಪುತ್ರಪ್ಪನೂ ನಕ್ಕ; ಮಾತಿನ ಕಸುಬಿನವನಿಗೆ ಒಳ್ಳೆಯ ಮಾತು ಕಿವಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ, ಅದನ್ನು ಜೇಬಿಗೆ ಹಾಕಿಕೊಂಡೇ ಮನೆಗೆ ಬಂದ. ನಾಲ್ಕು ದಿನದಲ್ಲಿ ಅದು ಚಾಳನ್ನೆಲ್ಲ ಸುತ್ತಿತು. ನಳದ ಹತ್ತಿರ ಹೆಂಗಸರು, "ಏನವ್ವಾ ನೀಲಾ, ಇವತ್ತು ಸಾಲಿನೋವು ಐತೇನು?" ಎನ್ನತೊಡಗಿದರು. ಶಾಲೆಯ ಬಾಯಿಯವರು, ಅಂದರೆ ಟೀಚರು, ಹಾಜರಿ ಪುಸ್ತಕದ ಅಂಚಿನಲ್ಲಿ ನಗುತ್ತ ಅದನ್ನೇ ಬರೆದರು. ಜಂತಿನ ಗುಳಿಗೆ ಬಂತು. ಡೋಸಿನ ಅಳತೆಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ ಗುಲಾಬಿ ಔಷಧದ ಬಾಟಲಿ ಬಂತು. ಅದು ಮುಗಿದು ಇನ್ನೊಂದು, ಅದೂ ಮುಗಿದು ಮತ್ತೊಂದು. ಹುಡುಗಿ ತೆಳ್ಳಗಾಗುತ್ತ ಹೋದಳು. ಬೆಳೆಯುವ ಮಕ್ಕಳು ಎತ್ತರಕ್ಕೆ ಎಳೆಯುತ್ತಾರೆ, ಅಡ್ಡಕ್ಕೆ ಕರಗುತ್ತಾರೆ ಎಂದರು ಡಾಕ್ಟರು. ವಾಂತಿಯಾಯಿತು, ಬಳಪ ತಿಂದಿರಬೇಕು ಎಂದರು. ಆ ದಿನ ಶಿವಪುತ್ರಪ್ಪ ಮಗಳ ಬಾಯಿ ಅಗಲಿಸಿ ಬಳಪದ ಬಿಳಿ ಹುಡುಕಿದ. ಸಿಗಲಿಲ್ಲ. ಸಿಗಲಿಲ್ಲವೆಂಬ ಸಿಟ್ಟಿಗೆ ಕಪಾಳಕ್ಕೊಂದು ಕೊಟ್ಟ. ಅವಳು ಅಳಲಿಲ್ಲ. ಮಡಚಿಕೊಂಡೇ ಕೂತು, "ಅಪ್ಪಾ, ಝೂಟ್ ನಹೀ... ಇಲ್ಲೇ ಏನೋ ತಿರಗತದ" ಎಂದು ಬೆರಳಿಟ್ಟು ತೋರಿಸಿದಳು. ಆ ಬೆರಳಿಟ್ಟ ಜಾಗ. ಗಲ್ಲದ ಮೇಲೆ ರೇಜರು ತಡವರಿಸಿ ಸೋಪಿನ ನೊರೆಯಲ್ಲಿ ಒಂದು ಕೆಂಪು ದಾರ ಎದ್ದಿತು.

"ರಕ್ತ ಬಂತು ನೋಡ್ರಿ," ಎಂದಳು ಚಂದ್ರವ್ವ, ಒಳಗಿನಿಂದ. ಅವಳು ನೀಲಾಳ ತಲೆಗೆ ಕೊಬ್ಬರಿ ಎಣ್ಣೆ ಒತ್ತುತ್ತ ಕೂತಿದ್ದಳು. ಎಣ್ಣೆ ಹಚ್ಚಲಿಕ್ಕೆ ಕೂದಲೆಲ್ಲಿತ್ತು? ಪರೇಲಿನ ದೊಡ್ಡ ಆಸ್ಪತ್ರೆಯ ಸೂಜಿಗಳು ಜೂನಿನಲ್ಲಿ ಎರಡು ಜಡೆಗಳನ್ನೂ ದಿಂಬಿನ ಮೇಲೆ ಬಿಟ್ಟುಹೋಗಿದ್ದವು. ಈಗ ಹಸಿ ಬಟ್ಟೆಯ ಮೇಲೆ ಮೊಳೆಯುವ ಮೆಂತ್ಯೆಯ ಹಾಗೆ ಅಲ್ಲೊಂದು ಇಲ್ಲೊಂದು. ಮೂರು ವಾರಕ್ಕೊಮ್ಮೆ ಇನ್ನೂ ಹೋಗಬೇಕು, ನರ ಸಿಗುವವರೆಗೆ ಚುಚ್ಚಿಸಿಕೊಳ್ಳಬೇಕು, ಬಾಯಲ್ಲಿ ಹುಣ್ಣು, ಕಾಲಲ್ಲಿ ಜೋಮು. ಆ ಔಷಧ ಸದಾಫುಲಿಯ, ಅಂದರೆ ನಿತ್ಯಪುಷ್ಪದ, ಗಿಡದಿಂದ ತೆಗೆದದ್ದು ಎಂದು ವಾರ್ಡಿನ ನರ್ಸು ಹೇಳಿದ ದಿನ ನೀಲಾ ಮನೆಗೆ ಬಂದವಳೇ ಚಾಳಿನ ನಳದ ಬದಿಗೆ ಬೆಳೆದಿದ್ದ ಗುಲಾಬಿ ಹೂವಿನ ಗಿಡಗಳನ್ನು ಬಾಯಿ ತುಂಬ ಬೈದು, ಒಂದನ್ನು ಬೇರುಸಹಿತ ಕಿತ್ತೊಗೆದಿದ್ದಳು. ಶಿವಪುತ್ರಪ್ಪನಿಗೆ ಆ ಬೈಗುಳ ಕೇಳಿ ಹಿಗ್ಗಾಗಿತ್ತು. ನನ್ನ ಮಗಳೇ. ಸೇಡು ಗೊತ್ತಿದೆ.

"ಇವತ್ತು ಯಾರ ದನಿ ಮಾಡತೀರಿ?" ಎಂದಳು ಚಂದ್ರವ್ವ.

"ಹೇಳಂಗಿಲ್ಲ. ಗುಟ್ಟು."

"ಇಡೀ ಚಾಳಿಗೆ ಕೇಳೋ ಹಂಗ ಮಾಡಿ ಗುಟ್ಟು ಅಂತೀರಿ. ಬ್ಯಾಡ ಬಿಡ್ರಿ. ಹುಡುಗಿ ಉಳದಳು. ಅವರು ಕೈ ಇಟ್ಟ ದಿನಾನೇ ಸಿಕ್ಕಿತಲ್ಲ."

"ಹದಿನಾಲ್ಕು ತಿಂಗಳಾದ ಮ್ಯಾಲೆ ಕೈ ಇಟ್ಟರು! ಅದಕ್ಕಿಂತ ಮೊದಲ ಕೈಗೆ ಏನು ಮೆಹಂದಿ ಹಚ್ಚಿಕೊಂಡಿದ್ದರೇನು?"

ಚಂದ್ರವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ಕೈ ಇಡಾಕ ಅಲ್ಲಿ ಹೊಟ್ಟಿ ಇತ್ತೇನ್ರಿ?" ಎಂದಳು, ಮೆಲ್ಲಗೆ, ಗೋಡೆಗೆ ಹೇಳಿದ ಹಾಗೆ. ಶಿವಪುತ್ರಪ್ಪ ಲೋಟದ ನೀರನ್ನು ಮುಖಕ್ಕೆ ಎರಚಿಕೊಂಡ. ಕಿವಿಗೆ ಸೋಪು ಹೋಗಿದೆ, ಕೇಳಿಸಲಿಲ್ಲ. ಮೊದಲ ಸಲದ ನಂತರ ಹುಡುಗಿಯನ್ನು ದವಾಖಾನೆಯ ಪಾಳಿಯಲ್ಲಿ ಕೂರಿಸುವುದು ಯಾಕೆ, ಶಾಲೆ ತಪ್ಪುತ್ತದೆ, ಎಂದು ಅವನೇ ಚರ್ಚ್‌ಗೇಟಿನಿಂದ ಬರುವಾಗ ದಾರಿಯಲ್ಲಿ ದವಾಖಾನೆ ಹೊಕ್ಕು ಹೇಗಿದ್ದಾಳೆಂದು ಹೇಳಿ ಬಾಟಲಿ ತುಂಬಿಸಿಕೊಂಡು ಬರುತ್ತಿದ್ದ. ತಂದೆಯಾದವನು ಅಷ್ಟೂ ಮಾಡಬಾರದೇ? ಗೋರೆಗಾಂವಿನ ಅರ್ಧ ಊರು ಹಾಗೆಯೇ ಔಷಧ ಒಯ್ಯುತ್ತದೆ. ನೋಡದೆ ಕೊಟ್ಟವನು ತಪ್ಪೋ, ನೋಡಿ ಹೇಳಿದವನು ತಪ್ಪೋ? ಮುಖ ಒರೆಸಿಕೊಂಡು, ಟವೆಲ್ಲನ್ನು ಹಿಂಡಿ, ಮುರಿಗೆಪ್ಪನ ಕುತ್ತಿಗೆ ಎಂದುಕೊಂಡು ಇನ್ನೊಂದು ಸಲ ಹಿಂಡಿದ.

ಹೋದ ವರ್ಷದ ರಜೆಯಲ್ಲಿ ಹೇಗೋ ಮುಚ್ಚಿಹೋಗಿದ್ದ ಡಾಕ್ಟರರ ಮಾತಿನ ಬಣ್ಣ ಈ ವರ್ಷದ ಬೇಸಿಗೆ ರಜೆಯಲ್ಲಿ ಬಯಲಾಯಿತು. ಶಾಲೆಗೆ ಬೀಗ, ಆದರೂ ನೋವು. ಬರೀ ನೋವಲ್ಲ, ಹಸಿರು ವಾಂತಿ, ಹೊಟ್ಟೆ ತಮಟೆ. ಅದು ರೈಲ್ವೆ ಮುಷ್ಕರದ ಮೇ ತಿಂಗಳು, ಲೋಕಲ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಶಿವಪುತ್ರಪ್ಪ ಆಫೀಸಿನಲ್ಲೇ ಸಿಕ್ಕಿಬಿದ್ದಿದ್ದ. ಚಂದ್ರವ್ವ ಹುಡುಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ದವಾಖಾನೆಯ ಹೊಸ್ತಿಲ ಮೇಲೆ ಮಲಗಿಸಿ, ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ದಾರಿ ಬಿಡದೆ ಕೂತುಬಿಟ್ಟಳು. ಆಗ ಡಾಕ್ಟರು ಎದ್ದು ಬಂದರು. ಬಗ್ಗಿದರು. ಹೊಟ್ಟೆಯ ಮೇಲೆ ಕೈಯಿಟ್ಟರು. ಚಂದ್ರವ್ವ ಹೇಳುವ ಪ್ರಕಾರ, ಆ ಕೈ ಬಲಗಡೆ ಬಂದು ನಿಂತಿತು, ತೆಗೆಯಲಿಕ್ಕೆ ಮರೆತ ಹಾಗೆ ಅಲ್ಲೇ ಇತ್ತು, ಮತ್ತು ಡಾಕ್ಟರು ಜನ್ಮದಲ್ಲಿ ಮೊದಲ ಸಲ ಗೋಡೆ ಬಿಟ್ಟು ರೋಗಿಯ ಮುಖ ನೋಡಿದರು. ಚೀಟಿ ಬರೆದರು. ಟ್ಯಾಕ್ಸಿಯನ್ನು ತಾವೇ ಕೂಗಿ ನಿಲ್ಲಿಸಿದರು. ಅಷ್ಟೇ. ಆ ಚೀಟಿ ಈಗ ಸನ್ಮಾನಪತ್ರವಾಗಿದೆ.

ಪರೇಲಿನಲ್ಲಿ ಸುಣ್ಣದ ನೀರಿನಂಥದ್ದನ್ನು ಕೆಳಗಿನಿಂದ ಏರಿಸಿ ಎಕ್ಸ್-ರೇ ತೆಗೆದರು. ದೊಡ್ಡ ಸರ್ಜನ್ನರು ಪಾರ್ಸಿ ಮುದುಕ, ಎತ್ತರ, ಉಬ್ಬಸದವರ ಹಾಗೆ ಪಿಸುದನಿ. ತಮ್ಮ ಕೋಟಿನ ತೋಳನ್ನು ಒಳಕ್ಕೆ ಮಡಚಿ ತೋರಿಸಿ, ಕರುಳು ಹೀಗೆ ತನ್ನೊಳಗೆ ತಾನೇ ಹೊಕ್ಕಿದೆ, ಹೊಗಿಸಿದ್ದು ಅದರ ತುದಿಯಲ್ಲಿರುವ ಒಂದು ಗಂಟು, ಎಂದರು. ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡುವ ಜಾಗ. ಹತ್ತಿರ ಹತ್ತಿರ ಒಂದಡಿ ಕೊಯ್ದು ತೆಗೆದು ತುದಿಗೆ ತುದಿ ಹೊಲಿದರು. ಮೋಸಂಬಿಯಷ್ಟು ಗಂಟು. ಒಂದು ಜಾತಿಯ ಕ್ಯಾನ್ಸರ್. ಮಕ್ಕಳ ಕರುಳಿನಲ್ಲಿ ಇದನ್ನು ನನ್ನ ಇಡೀ ಸರ್ವಿಸಿನಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ನೋಡಿದ್ದೇನೆ, ಎಂದರು. ಹೊರಗೆ ಹರಡಿದಂತೆ ಕಾಣುವುದಿಲ್ಲ, ಆದರೂ ಸೂಜಿ ಬೇಕು, ಎರಡು ವರ್ಷ ದಾಟಲಿ, ಆಮೇಲೆ ನಗೋಣ. ಆಮೇಲೆ ಜಂತಿನ ಔಷಧದ ಚೀಟಿಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿ ಪಿಸುದನಿಯಲ್ಲಿ ಕೇಳಿದರು: "ಈ ಮಗುವಿಗೆ ಒಂದು ವರ್ಷ ಜಂತಿನ ಔಷಧ ಕುಡಿಸಿದವರು ಯಾರು?" ನೋವು ಶುರುವಾಗಿ ಎರಡೇ ತಿಂಗಳಾಯಿತು ಸರ್, ಎಂದುಬಿಟ್ಟ ಶಿವಪುತ್ರಪ್ಪ. ತಾರೀಖುಗಳು ಮೇಜಿನ ಮೇಲೆ ಮೇಲ್ಮುಖವಾಗಿ ಬಿದ್ದಿದ್ದವು. ಮುದುಕ ಚೀಟಿಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟರು, ಮತ್ತೇನೂ ಕೇಳಲಿಲ್ಲ. ಆ ಕೇಳದೆ ಬಿಟ್ಟದ್ದೇ ಈ ಆರು ತಿಂಗಳು ಅವನನ್ನು ತಿಂದದ್ದು. ತಾನು ನಾಚಿ ಸುಳ್ಳು ಹೇಳಬೇಕಾದರೆ ಕಾರಣ ಯಾರು? ಮುರಿಗೆಪ್ಪ. ಲೋಕಲ್‌ನಲ್ಲಿ ನೇತಾಡುತ್ತ, ಕಚೇರಿಯ ಲೆಡ್ಜರಿನ ಮೇಲೆ ಬಗ್ಗಿ, ಅವನು ಆ ಮನುಷ್ಯ ಆಡಿದ ಒಂದೊಂದು ಮಾತನ್ನೂ ದಿನಾಂಕದ ಪ್ರಕಾರ ನೆನಪು ಮಾಡಿಕೊಂಡ. ಉತ್ಪ್ರೇಕ್ಷೆ ಇಲ್ಲ, ಕಟ್ಟುಕತೆ ಇಲ್ಲ, ಕೆಮ್ಮಿನ ಸಮೇತ ಇದ್ದದ್ದು ಇದ್ದ ಹಾಗೆ. ಕೊನೆಗೆ ಪಾರ್ಸಿ ಮುದುಕನ ಪ್ರಶ್ನೆ. ಅಲ್ಲಿ ನಿಲ್ಲಿಸುವುದು. ಮುನ್ನೂರು ಜನರ ಮೌನದಲ್ಲಿ ಹೊಸ ಶಾಲು ಹೆಗಲಿನಿಂದ ಜಾರುವುದನ್ನು ನೋಡುವುದು. ಮರುದಿನದಿಂದ ದವಾಖಾನೆಯ ಬಾಕು ಖಾಲಿ. ಫೇಡೆ ಬರುವುದಿಲ್ಲ, ಬೇಡವೇ ಬೇಡ.

ನಾಲ್ಕು ಗಂಟೆಗೆ ಶಾಲೆಯ ಹಾಲ್‌ನಲ್ಲಿ ಜನ ತುಂಬಿದ್ದರು. ಸಾಂತಾಕ್ರೂಜ್, ಪವಾಯಿ ಕಡೆಯವರೂ ಬಂದಿದ್ದರು. ಮಗಳು ಬರಲೇಬೇಕೆಂದು ಹಟ ಹಿಡಿದಿದ್ದಳು. ತಲೆಗೆ ಹಳದಿ ಸ್ಕಾರ್ಫು ಕಟ್ಟಿಸಿಕೊಂಡು ಮೊದಲನೆಯ ಸಾಲಿನಲ್ಲಿ ತಾಯಿಯ ಪಕ್ಕ ಕೂತಿದ್ದಳು. ದಾನಪ್ಪ ಅವಳನ್ನು ವೇದಿಕೆಗೆ ಕರೆದು, ಅವಳ ಕೈಯಿಂದಲೇ ಡಾಕ್ಟರಿಗೆ ಹಾರ ಹಾಕಿಸಿದ. ಮುರಿಗೆಪ್ಪ ಬಗ್ಗಿದಾಗ ಹಾರ ಕನ್ನಡಕಕ್ಕೆ ಸಿಕ್ಕಿಕೊಂಡಿತು, ನೀಲಾ ಬಿಡಿಸಿದಳು, ಜನ ಉಸ್ಸೆಂದರು. ಪರದೆಯ ಸಂದಿಯಿಂದ ನೋಡುತ್ತಿದ್ದ ಶಿವಪುತ್ರಪ್ಪ ಹಲ್ಲು ಕಚ್ಚಿದ. ಹಾಕು, ಹಾಕು. ಎತ್ತರಕ್ಕೆ ಏರಿಸಿದಷ್ಟೂ ಬೀಳುವ ಸದ್ದು ಚೆನ್ನ. ಡಾಕ್ಟರು ಮೈಕಿನ ಮುಂದೆ ನಿಂತು, "ನಾ ಏನೂ ಮಾಡಿಲ್ಲರಿ. ಕೈ ಇಟ್ಟೆ, ಹತ್ತಿತು. ಇಷ್ಟ" ಎಂದಷ್ಟೇ ಹೇಳಿ ಕೂತರು. ಆ ವಿನಯ ಕಂಡು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಕಳ್ಳ. ವಿನಯವನ್ನೂ ಕದ್ದ.

ಶಿವಪುತ್ರಪ್ಪ ವೇದಿಕೆಗೆ ಬಂದಾಗ ಸಿಳ್ಳೆ ಬಿದ್ದವು. ಅವನು ಒಂದು ಮೇಜು, ಒಂದು ಕುರ್ಚಿ ಇಡಿಸಿದ್ದ. ಕೂತ. ಆಣೆ ಹಾಕುವುದು ಮರೆತೇ ಹೋಯಿತು. ಪೆನ್ನು ತೆಗೆದು ಎರಡು ಸಲ ಕುಟ್ಟಿ, ಹಾಲಿನ ಹಿಂದಿನ ಗೋಡೆ ನೋಡಿದ.

ಇನ್ನೂ ಬಾಯಿ ತೆರೆದಿರಲಿಲ್ಲ, ಇಡೀ ಹಾಲು ಸ್ಫೋಟಿಸಿತು. "ಡಾಕ್ಟ್ರು! ಡಾಕ್ಟ್ರು!" ಸನ್ಮಾನದ ಕುರ್ಚಿಯಲ್ಲಿದ್ದ ಮುರಿಗೆಪ್ಪ ನಾಚಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಹ್ಞೂಂ. ಹ್ಞೂಂ. ನಥಿಂಗ್. ನಥಿಂಗ್ ಅಟ್ ಆಲ್. ಹೊಟ್ಟಿನೋವಲ್ಲರೀ, ಸಾಲಿನೋವು."

ನಗೆ. ಅವನು ಕಾದ. ಮಾರ್ಚ್ ಮುಗಿಸಿ ಜೂನಿಗೆ ಬಂದ. "ತೆಳ್ಳಗ ಆಗ್ಯಾಳ? ಛಲೋ ಆತು, ಲೋಕಲ್‌ನಾಗ ಜಾಗ ಸಿಗತದ." ನಗೆ. ಆಗಸ್ಟು. "ವಾಂತಿ? ಬಳಪ ತಿಂದಿರಬೇಕು. ಪಾಟಿ ತಿನ್ನೋ ಮೊದಲ ಈ ಬಾಟ್ಲಿ ಮುಗಸ್ರಿ." ನಗೆ. ದೀಪಾವಳಿ. ಸಂಕ್ರಾಂತಿ. ಒಂದು ಮಾತೂ ಅವನದಲ್ಲ, ಎಲ್ಲ ಆ ಮನುಷ್ಯನವೇ, ಒಂದರ ಮೇಲೊಂದು ಹೇರುತ್ತ ಹೋದ, ಈ ಗುಡ್ಡ ಯಾವ ಕ್ಷಣದಲ್ಲಿ ಇವರ ಕಣ್ಣಿಗೆ ಗುಡ್ಡವಾಗಿ ಕಾಣುತ್ತದೆ ಎಂದು ಕಾಯುತ್ತ. ಮೂರನೆಯ ಸಾಲಿನಲ್ಲಿ ಮುನಿಸು ಬಿಟ್ಟು ಬಂದಿದ್ದ ಸಿದ್ದಲಿಂಗಪ್ಪ ನಕ್ಕು ನಕ್ಕು ಕೆಮ್ಮುತ್ತಿದ್ದರು. ಮುರಿಗೆಪ್ಪ ತೊಡೆ ತಟ್ಟುತ್ತ ಪಕ್ಕದವನ ಭುಜಕ್ಕೆ ಒರಗಿದ್ದರು. ನಗುತ್ತಾನೆ. ತನ್ನ ಹೆಣ ಹೊರುವಾಗಲೂ ಮನುಷ್ಯ ಹೀಗೆ ನಗುತ್ತಾನೆಯೇ? ನಗು ತಾನು ಗಳಿಸಿದ್ದು, ಹದಿನೈದು ವರ್ಷ ಕಷ್ಟಪಟ್ಟು ಈ ಜನಕ್ಕೆ ಕಲಿಸಿದ್ದು. ಈಗ ಬೇಡವೆಂದರೆ ನಿಲ್ಲುವುದು ಹೇಗೆ? ಎದ್ದು ನಿಂತ. ಉದ್ದವಾದ. ಕೋಟಿನ ತೋಳನ್ನು ಒಳಕ್ಕೆ ಮಡಚಿದ. ಪಾರ್ಸಿ ಮುದುಕನ ಪಿಸುದನಿಯಲ್ಲಿ, ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಳಿಸುತ್ತ, ನಿಜವಾದ ಚೀಟಿಗಳನ್ನೇ ತಂದಿದ್ದ, ಕೇಳಿದ: "ಈ ಮಗುವಿಗೆ ಒಂದು ವರ್ಷ ಜಂತಿನ ಔಷಧ ಕುಡಿಸಿದವರು ಯಾರು?"

ಮೌನ. ಬಂತು. ಒಂದು, ಎರಡು, ಮೂರು ಎಣಿಸಿದ. ಚಂದ್ರವ್ವ ತಲೆ ತಗ್ಗಿಸಿದ್ದಳು. ಶಾಲು ಇನ್ನೂ ಹೆಗಲ ಮೇಲೆಯೇ ಇತ್ತು. ನಾಲ್ಕು.

"ಒನ್ಸ್ ಮೋರ್!" ಎಂದು ಹಿಂದಿನಿಂದ ಯಾರೋ ಕೂಗಿದರು. "ಪಾರ್ಸೀ ಬಾವಾ, ಒನ್ಸ್ ಮೋರ್!" ಹಾಲಿಗೆ ಹಾಲೇ ಅದನ್ನು ಎತ್ತಿಕೊಂಡಿತು.

ಆಗ ಮುರಿಗೆಪ್ಪ ಎದ್ದರು. ನಕ್ಕ ಕಣ್ಣೀರನ್ನು ಹೊಸ ಶಾಲಿನ ಅಂಚಿನಿಂದ ಒರೆಸಿಕೊಳ್ಳುತ್ತ ವೇದಿಕೆಯ ಮೆಟ್ಟಿಲು ಹತ್ತಿ, ಶಿವಪುತ್ರಪ್ಪನ ಹೆಗಲ ಮೇಲೆ ಕೈಯಿಟ್ಟರು. ಕೈ ಬೆಚ್ಚಗಿತ್ತು, ಸ್ವಲ್ಪ ಭಾರವಾಗಿತ್ತು, ತೆಗೆಯಲಿಲ್ಲ. "ಕುಡಿಸಿದವ ನಾನ ಹೌದ್ರಿ," ಎಂದರು ಮೈಕಿಗೆ. "ಸುಳ್ಳಲ್ಲ. ಒಂದು ಮಾತೂ ಸುಳ್ಳಲ್ಲ. ನನ್ನ ದನಿ ನಾನ ಇಷ್ಟು ಛಲೋ ಆಡೂದಿಲ್ಲ." ಚಪ್ಪಾಳೆ. "ಆದರ ಇವರು ಅರ್ಧ ಆಟ ಆಡಿ ಬಿಟ್ಟರು. ಅಲ್ಲಿ ಡಾಕ್ಟರ್ ಒಬ್ಬನ ಇದ್ದನೇನು? ರೋಗಿ? ರೋಗಿ ಎಲ್ಲಿ? ರೋಗಿ ಪಾರ್ಟು ನಾ ಮಾಡತೀನಿ. ನನಗ ಬರೂದಿಲ್ಲ, ನಗಬ್ಯಾಡ್ರಿ."

ಜನ ಆಗಲೇ ನಗುತ್ತಿದ್ದರು. ಶಿವಪುತ್ರಪ್ಪನಿಗೆ ಅರ್ಥವಾಯಿತು. ಡಾಕ್ಟರು ಏನು ಮಾಡಲಿದ್ದಾರೆಂದು ಅವರು ಬಗ್ಗುವ ಮೊದಲೇ ಅವನ ಮೈಗೆ ತಿಳಿಯಿತು, ಏಕೆಂದರೆ ಆ ಬಗ್ಗುವಿಕೆ ಅವನದೇ. ಮುರಿಗೆಪ್ಪ ಹೆಗಲಿಗೆ ಕಾಣದ ಆಫೀಸು ಚೀಲವೊಂದನ್ನು ಏರಿಸಿದರು, ಲೋಕಲಿನಿಂದ ಇಳಿದವರ ಹಾಗೆ ಕರವಸ್ತ್ರದಿಂದ ಕುತ್ತಿಗೆ ಒರೆಸಿದರು. "'ಏನ್ ಹೇಳಲಿ ಡಾಕ್ಟರ್ ಸಾಹೇಬ್ರ, ಇವತ್ತ ಮುಂಜಾನೆದ ಸೀನ್ ನೋಡ್ರಿ!'" ಎಂದು ಶಿವಪುತ್ರಪ್ಪನ ದನಿಯಲ್ಲಿ, ಅಂದರೆ ಯಾರ ದನಿಯೂ ಅಲ್ಲದ ಒಂದು ದನಿಯಲ್ಲಿ ಹೇಳಿ, ಚೀಲ ಕೆಳಗಿಟ್ಟು, ಬಲಗಡೆ ಹೊಟ್ಟೆ ಹಿಡಿದು ಮೂರು ಮಡಿಕೆಯಾಗಿ ಕುಕ್ಕರಿಸಿ, ಕೀಚಲು ದನಿಯಲ್ಲಿ, "'ಅಪ್ಪಾಆಆ... ಪೇಟ್ ಮೇ... ಏನೋ ತಿರಗತದ... ಸಾಲೀಗಿ ಹೋಗಾಂಗಿಲ್ಲಾಆ'" ಎಂದರು. ಬಹಳ ಕೆಟ್ಟದಾಗಿ ಮಾಡಿದರು. ಆ ಶಾಲು, ಹಾರ, ಐವತ್ತರ ಬೊಕ್ಕತಲೆ, ಅದರಲ್ಲಿ ಹುಡುಗಿಯ ದನಿ. ಹಾಲು ಬಿದ್ದು ಹೊರಳಾಡಿತು. ದಾನಪ್ಪ ಮೇಜು ಗುದ್ದುತ್ತಿದ್ದ. "ವಾರಾ ವಾರಾ ರೀ! ಬಾಕಿನ ಮ್ಯಾಲ ಇದ್ದವರೆಲ್ಲಾ ಪಾಳಿ ಬಿಟ್ಟು ನೋಡಾಕ ಒಳಗ ಬರತಿದ್ದರು! ಕಂಪೌಂಡರ್ ಗುಳಿಗಿ ಎಣಸೋದು ತಪ್ಪತಿದ್ದ! ನಾನೂ ನಗತಿದ್ದೆ!" ಮುರಿಗೆಪ್ಪ ಕಷ್ಟಪಟ್ಟು ಎದ್ದರು, ಮಂಡಿ ಹಿಡಿದುಕೊಂಡು. "ಹದಿನಾಲ್ಕು ತಿಂಗಳು ನಾ ಇವರ ಹೊಟ್ಟಿ ನೋಡಿ ಮಗಳಿಗೆ ಔಷಧ ಕೊಟ್ಟೀನ್ರಿ!" ಎಂದರು. ಅವರ ಬಾಯಿ ನಗುತ್ತಿತ್ತು. ಕನ್ನಡಕದ ಹಿಂದಿನ ಕಣ್ಣು ಈ ಸಲ ಗೋಡೆ ನೋಡುತ್ತಿರಲಿಲ್ಲ. ಒಂದು ಗೇಣು ದೂರದಿಂದ ಶಿವಪುತ್ರಪ್ಪನ ಮುಖವನ್ನೇ ನೋಡುತ್ತಿತ್ತು, ಆರು ತಿಂಗಳಿಂದ ಈ ಭಾನುವಾರಕ್ಕೇ ಕಾಯುತ್ತಿದ್ದ ಕಣ್ಣಿನ ಹಾಗೆ.

ದವಾಖಾನೆಯ ಆ ಮೂರುಕಾಲಿನ ಸ್ಟೂಲು. ಒಳಗೆ ಬರುವಾಗಲೇ ಕಂಪೌಂಡರ್, "ಬಂದ್ರು, ಬಂದ್ರು" ಎನ್ನುತ್ತಿದ್ದ. ಮೊದಲ ವಾರ ಶಿವಪುತ್ರಪ್ಪ ಸುಮ್ಮನೆ ಹೇಳಿದ್ದ: ರಾತ್ರಿಯೂ ನೋವಂತೆ, ಊಟ ಸೇರುವುದಿಲ್ಲ. ಡಾಕ್ಟರು ಗೋಡೆ ನೋಡಿದರು. ಹೇಗೆ ನೋವೆಂದು ತಿಳಿಯಲಿ ಎಂದು ಒಂದು ಸಲ, ಒಂದೇ ಸಲ, ಮಡಚಿ ತೋರಿಸಿದ. ತಿಳಿಯಲಿ ಎಂದೇ ತೋರಿಸಿದ್ದು. ಅದು ಎಷ್ಟು ಚೆನ್ನಾಗಿ ಬಂತೆಂದರೆ ಅವನಿಗೇ ಮೈ ಜುಮ್ಮೆಂದಿತ್ತು. ಡಾಕ್ಟರು ಗೋಡೆ ಬಿಟ್ಟು ನೋಡಿದರು, ನಕ್ಕರು, ಬಾಕು ನಕ್ಕಿತು. ಎರಡನೆಯ ವಾರ ಮುಂಜಾನೆ ಹುಡುಗಿ ನರಳುವಾಗ ಅವನು ಹಾಸಿಗೆಯ ಪಕ್ಕ ಕೂತು ಅವಳ ಉಸಿರು ಎಲ್ಲಿ ಒಡೆಯುತ್ತದೆ, ಬೆರಳು ಎಲ್ಲಿ ಒತ್ತುತ್ತದೆ ಎಂದು ಗಮನವಿಟ್ಟು ನೋಡಿದ್ದ. ಪ್ರೀತಿಯಿಂದ ನೋಡುತ್ತಿದ್ದಾನೆಂದು ಚಂದ್ರವ್ವ ಚಹ ತಂದುಕೊಟ್ಟಿದ್ದಳು.

ಹಾಲು ನಗುತ್ತಲೇ ಇತ್ತು. ಮುನ್ನೂರು ಮುಖಗಳು ಮುರಿಗೆಪ್ಪನನ್ನು ಬಿಟ್ಟು ಅವನ ಕಡೆ ತಿರುಗಿದ್ದವು. ಆಟದ ಕೊನೆಯ ಮಾತು ಅವನದೆಂದು ಕಾಯುತ್ತಿದ್ದವು. ಮೊದಲನೆಯ ಸಾಲಿನಲ್ಲಿ ನೀಲಾ ಎದ್ದು ನಿಂತಿದ್ದಳು. ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ವೇದಿಕೆಯ ಅಂಚಿಗೆ ಬಂದು, ಗಲ್ಲ ಎತ್ತಿ, ಲೆಕ್ಕ ತಿಳಿಯದ ಮಕ್ಕಳು ಬಾಯಿಯವರನ್ನು ಕೇಳುವ ಹಾಗೆ ಕೇಳಿದಳು:

"ಅಪ್ಪಾ, ನೀ ಅಲ್ಲಿ ನನ್ನ ಹಂಗ ಅಳತಿದ್ದೆ? ಸಚ್ಚಿ? ಫಿರ್... ಅವ್ರು ನಂಬಲಿಲ್ಲ?"

ಪ್ರಶ್ನೆ ಮೈಕಿಗೆ ಸಿಕ್ಕಿ ಹಾಲಿನ ಕೊನೆಯವರೆಗೆ ಹೋಯಿತು. ನಗೆಯ ಇನ್ನೊಂದು ಅಲೆ ಹಿಂದಿನ ಸಾಲುಗಳಿಂದ ಎದ್ದು ಬಂತು. ಶಿವಪುತ್ರಪ್ಪ ಬಾಯಿ ತೆರೆದ. ಎರಡೇ ತಿಂಗಳಾಯಿತು ಸರ್, ಎನ್ನಲೇ? ಎಲ್ಲಿಯದೋ ಒಂದು ಕಡೆಯಿಂದ, ಹೊಕ್ಕುಳ ಬಲಗಡೆಯಿಂದ, ಏನೋ ತಿರುಗಿಕೊಂಡು ಮೇಲಕ್ಕೆ ಬಂದು ಗಂಟಲನ್ನು ಒಡೆಯಿತು. ನಕ್ಕ. ಮೊದಲು ಸಣ್ಣಗೆ, ಆಮೇಲೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಮಡಚಿಕೊಂಡು, ಮೇಜಿನ ಕಾಲು ಹಿಡಿದು ಕುಸಿದು, ಚೀಟಿಗಳು ಮೈಮೇಲೆ ಉದುರುತ್ತಿರಲು ನಕ್ಕ. ಮುರಿಗೆಪ್ಪನ ನಗು ನಿಂತಿತು. ದಾನಪ್ಪನ ಮುಷ್ಟಿ ಮೇಜಿನ ಮೇಲೆಯೇ ಉಳಿಯಿತು. ಸಿದ್ದಲಿಂಗಪ್ಪ ಪಕ್ಕದವನನ್ನು ತಿವಿದು, "ಇದು ಯಾರ ದನಿನೋ?" ಎಂದು ಕೇಳಿದರು. ಯಾರಿಗೂ ಗೊತ್ತಾಗಲಿಲ್ಲ. ಒಬ್ಬೊಬ್ಬರಾಗಿ ಸುಮ್ಮನಾದ ಹಾಲಿನಲ್ಲಿ ಶಿವಪುತ್ರಪ್ಪ ಒಬ್ಬನೇ, ಅಷ್ಟೂ ಜನ ಸೇರಿ ನಕ್ಕದ್ದಕ್ಕಿಂತ ಜೋರಾಗಿ, ನಗುತ್ತಲೇ ಇದ್ದ.